ಹಾವಿಗೊಂದು ಹಾಸಿಗೆ

“ಹಾಸಿಗೆ ಇದ್ದಷ್ಟು ಕಾಲು ಚಾಚು” ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳಿ ಬಲ್ಲೆವು. ಆದರೆ ಕಾಲೇ ಇಲ್ಲದ ಪ್ರಾಣಿಯೊಂದಕ್ಕೆ ಹಾಸಿಗೆ ಸಿದ್ಧಪಡಿಸಬೇಕಾಗಿ ಬಂದರೆ ಯಾವ ಗಾದೆಯನ್ನು ಆಶ್ರಯಿಸಬೇಕು? ನಮ್ಮ ಪುರಾಣಗಳಲ್ಲಿ ಆದಿಶೇಷನು ಕ್ಷೀರಸಾಗರದಲ್ಲಿ ಶ್ರೀಮನ್ನಾರಾಯಣನಿಗೆ ಹಾಸಿಗೆಯಾಗಿದ್ದಾನೆ. ಹಾವು ಹಾಸಿಗೆಯಾದ ಕಥೆ ನಮಗೆ ಪರಿಚಿತವೇ. ಹಾವಿಗೇ ಹಾಸಿಗೆ ಎಂಬ ಮಾತು ಮಾತ್ರ ಕಿವಿಗೆ ಹೊಸದು. ಶೀರ್ಷಿಕೆಯನ್ನು ಕಂಡು ನನ್ನ ಸಹಪಾಠಿ ಮಿತ್ರರು ನಗಬಹುದು. ನಗಲಿ. ಆದರೆ ನಕ್ಕು ಪುಟ ತಿರುವದೆ ಎರಡು ನಿಮಿಷ ಓದಿದರೆ, ಒಂದು ಜೀವದ ಉಸಿರು ಅದರ ಕೆಳಗೆ ಹಾಸಿರುವ ವಸ್ತುವನ್ನು ಎಷ್ಟರಮಟ್ಟಿಗೆ ಅವಲಂಬಿಸಿರುತ್ತದೆ ಎಂಬುದು ಅವರಿಗೂ ಮನದಟ್ಟಾದೀತೆಂದು ನಂಬಿದ್ದೇನೆ.

ಮೊದಲು ಪ್ರಾಣಿಯ ಪರಿಚಯ. ಅಮೆರಿಕ ಸಂಯುಕ್ತ ಸಂಸ್ಥಾನಗಳ ಆಗ್ನೇಯ ಭಾಗದಲ್ಲಿ, ನ್ಯೂಜೆರ್ಸಿಯಿಂದ ಫ್ಲಾರಿಡಾದ ದಕ್ಷಿಣ ತುದಿಯ ದ್ವೀಪಗಳವರೆಗೆ, ಒಂದು ಚೆಲುವಾದ ಹಾವಿದೆ. ಕಿತ್ತಳೆ ಛಾಯೆಯ ಮೈ. ಅದರ ಮೇಲೆ ಕಪ್ಪು ಅಂಚಿನ ಕೆಂಪು ಮಚ್ಚೆಗಳು. ಅಲ್ಲಿಯವರು ಇದನ್ನು ‘ಕಾರ್ನ್ ಸ್ನೇಕ್’ ಎಂದು ಕರೆಯುತ್ತಾರೆ. ನಾವು ‘ಜೋಳದ ಹಾವು’ ಎನ್ನೋಣ. ಇಲ್ಲಿ ಜೋಳವೆಂದರೆ ನಮ್ಮ ಬಿಳಿಜೋಳವಲ್ಲ, ಮುಸುಕಿನ ಜೋಳ. ಹಾವಿನ ಹೊಟ್ಟೆಯ ಮೇಲಿನ ಕಪ್ಪುಬಿಳುಪು ಚೌಕಗಳು ಬಣ್ಣಬಣ್ಣದ ಮುಸುಕಿನ ಜೋಳದ ತೆನೆಯನ್ನು ಹೋಲುವುದರಿಂದ ಈ ಹೆಸರು ಬಂದಿತೆಂದು ಕೆಲವರು ಹೇಳುತ್ತಾರೆ. ರೈತರ ಜೋಳದ ಕಣಜಗಳ ಬಳಿ ಇಲಿಗಳನ್ನು ಅರಸುತ್ತ ಸುಳಿಯುತ್ತಿದ್ದುದರಿಂದ ಬಂದಿತೆಂದು ಮತ್ತೆ ಕೆಲವರು. ಲಿನೇಯಸ್ ಪಂಡಿತನು ೧೭೬೬ರಲ್ಲಿ ಇದಕ್ಕೆ ಶಾಸ್ತ್ರೀಯ ನಾಮಕರಣ ಮಾಡಿದನು. ಈಗ ಅದರ ಹೆಸರು ಪ್ಯಾಂಥೆರೋಫಿಸ್ ಗಟ್ಟೇಟಸ್. ಇದಕ್ಕೆ ವಿಷವಿಲ್ಲ. ಇಲಿಯನ್ನು ಸುತ್ತಿ, ಬಿಗಿದು, ಕೊಂದು ನುಂಗುತ್ತದೆ. ನಮ್ಮ ಹೊಲಗದ್ದೆಗಳ ಕೇರೆಹಾವು ಇರುವ ಕುಟುಂಬಕ್ಕೇ ಇದೂ ಸೇರಿದೆ. ಸಾಮಾನ್ಯವಾಗಿ ಮೂರರಿಂದ ಐದು ಅಡಿ ಬೆಳೆಯುವ ಈ ಸಾಧುಪ್ರಾಣಿಯನ್ನು ಆ ದೇಶದಲ್ಲಿ ಬಹುಮಂದಿ ಮನೆಯಲ್ಲಿ ಸಾಕುತ್ತಾರೆ. ಚೆನ್ನಾಗಿ ನೋಡಿಕೊಂಡರೆ ಇಪ್ಪತ್ತು ವರ್ಷಗಳವರೆಗೂ ಬದುಕಬಲ್ಲದು.

ಇತಿಹಾಸ ಮತ್ತು ಅರ್ಥಶಾಸ್ತ್ರಗಳನ್ನು ಓದುತ್ತಿರುವ ನನಗೆ ಈ ಹಾವಿನ ಗೊಡವೆ ಏಕೆ ಎಂದು ಯಾರಾದರೂ ಕೇಳಿಯಾರು. ನನ್ನ ಅಕ್ಕ ಮತ್ತು ಭಾವ ಉತ್ತರ ಕ್ಯಾರೊಲಿನಾ ಸಂಸ್ಥಾನದ ರಾಲಿ ನಗರದಲ್ಲಿದ್ದಾರೆ. ಅವರ ಹತ್ತು ವರ್ಷದ ಮಗನ ಬಳಿ ಇಂತಹುದೊಂದು ಹಾವಿದೆ. ಅದರ ಬಣ್ಣವನ್ನು ನೋಡಿ ಅಕ್ಕ ‘ಕೇಸರಿ’ ಎಂದು ಹೆಸರಿಟ್ಟಿದ್ದಾಳೆ. ಆ ಹುಡುಗನ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಹೋಗಿ ನಾನು ಈ ವಿಷಯವನ್ನು ಓದಿಕೊಂಡೆ. ಒಂದು ಎಚ್ಚರಿಕೆಯ ಮಾತನ್ನೂ ಇಲ್ಲಿಯೇ ಹೇಳಿಬಿಡುವುದು ಮೇಲು. ಈ ಲೇಖನವನ್ನು ಓದಿ ಯಾರೂ ಹಿತ್ತಲಿನ ಕೇರೆಯನ್ನು ಹಿಡಿದು ತಂದು ಪೆಟ್ಟಿಗೆಯಲ್ಲಿಡಬಾರದು. ನಾಗರ, ಹೆಬ್ಬಾವು, ಕೇರೆ ಮೊದಲಾದ ನಮ್ಮ ಹಾವುಗಳನ್ನು ಹಿಡಿದು ಸಾಕುವುದು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಅವುಗಳ ಹಾಸಿಗೆಯನ್ನು ಭೂಮಿತಾಯಿಯೇ ಹಾಸಿದ್ದಾಳೆ. ನಮ್ಮ ನೆರವು ಬೇಕಿಲ್ಲ.

ಇನ್ನು ವಿಷಯಕ್ಕೆ ಬರೋಣ. ಜೋಳದ ಹಾವು ತನ್ನ ನಾಡಿನಲ್ಲಿ ಪೈನ್ ಕಾಡುಗಳ ನೆಲದಲ್ಲಿ, ಪಾಳುಬಿದ್ದ ಹೊಲಗಳಲ್ಲಿ, ಹಳೆಯ ಕೊಟ್ಟಿಗೆಗಳ ಸುತ್ತ ವಾಸಿಸುತ್ತದೆ. ಆದರೆ ಅದು ಕಣ್ಣಿಗೆ ಬೀಳುವುದು ಅಪರೂಪ. ದಿನದ ಬಹುಪಾಲು ಉದುರಿದ ತರಗೆಲೆಯ ಕೆಳಗೆ, ಸಡಿಲವಾದ ಮರದ ತೊಗಟೆಯ ಹಿಂದೆ, ಇಲಿಯ ಬಿಲಗಳೊಳಗೆ ಅಡಗಿರುತ್ತದೆ. ಆದಕಾರಣ ನೆಲವೆಂಬುದು ಅದಕ್ಕೆ ಕೇವಲ ಕಾಲೂರುವ ಜಾಗದಂತಲ್ಲ. ನೆಲವೇ ಅದರ ಮನೆ, ನೆಲವೇ ಹೊದಿಕೆ. ಗಾಜಿನ ಪೆಟ್ಟಿಗೆಯಲ್ಲಿ ಸಾಕುವವನು ಈ ನೆಲಕ್ಕೆ ಬದಲಿಯಾಗಿ ಏನನ್ನಾದರೂ ಹಾಸಲೇಬೇಕು. ಆ ಹಾಸು ನಾಲ್ಕು ಕೆಲಸಗಳನ್ನು ಮಾಡಬೇಕಾಗುತ್ತದೆ: ಹಾವಿಗೆ ಅಡಗಲು ಎಡೆಕೊಡಬೇಕು, ಮಲವನ್ನೂ ನೀರನ್ನೂ ಹೀರಬೇಕು, ಹದವಾದ ತೇವವನ್ನು ಉಳಿಸಬೇಕು, ಇವೆಲ್ಲಕ್ಕಿಂತ ಮೊದಲು, ಹಾವಿನ ಮೈಗೂ ಉಸಿರಿಗೂ ಹೊಟ್ಟೆಗೂ ಕೇಡು ಮಾಡದಂತಿರಬೇಕು. ಮಿಕ್ಕ ಮೂರರಲ್ಲಿ ಕೊಂಚ ಕೊರತೆಯಾದರೆ ತಿದ್ದಿಕೊಳ್ಳಬಹುದು. ಕೊನೆಯದರಲ್ಲಿ ತಪ್ಪಿದರೆ ತಿದ್ದಲು ಪ್ರಾಣಿಯೇ ಉಳಿಯದಿರಬಹುದು.

ಹಾವಿನ ಉಸಿರಾಟದ ರೀತಿಯನ್ನು ಸ್ವಲ್ಪ ಗಮನಿಸಬೇಕು. ನಮಗೆ ಎರಡು ಶ್ವಾಸಕೋಶಗಳು. ಜೋಳದ ಹಾವಿನಲ್ಲಿ ಬಲಗಡೆಯದೊಂದೇ ಉದ್ದವಾಗಿ ಬೆಳೆದು ಕೆಲಸ ಮಾಡುತ್ತದೆ, ಎಡಗಡೆಯದು ಹೆಸರಿಗೆ ಮಾತ್ರ. ಎದೆಗೂ ಹೊಟ್ಟೆಗೂ ನಡುವಣ ವಪೆ ಅದಕ್ಕಿಲ್ಲ. ಪಕ್ಕೆಲುಬುಗಳ ಸ್ನಾಯುಗಳಿಂದಲೇ ಉಸಿರಾಡಬೇಕು. ಆದ್ದರಿಂದ ನಮ್ಮಂತೆ ಬಲವಾಗಿ ಕೆಮ್ಮಿ ಕಫವನ್ನು ಹೊರಹಾಕುವ ಶಕ್ತಿ ಅದಕ್ಕಿಲ್ಲ. ಮೇಲಾಗಿ ಅದರ ಮೂಗು ಸದಾ ಹಾಸಿಗೆಯಿಂದ ಒಂದು ಅಂಗುಲದೊಳಗೇ ಇರುತ್ತದೆ. ನಾಲಗೆಯನ್ನು ಹೊರಚಾಚಿ ಗಾಳಿಯಲ್ಲಿರುವ ವಾಸನೆಯ ಕಣಗಳನ್ನು ಬಾಯೊಳಗಿನ ಒಂದು ವಿಶೇಷ ಇಂದ್ರಿಯಕ್ಕೆ ಮುಟ್ಟಿಸಿ ಅದು ಲೋಕವನ್ನು ಅರಿಯುತ್ತದೆ. ಕಣ್ಣಿಗೆ ರೆಪ್ಪೆಗಳಿಲ್ಲ, ಪಾರದರ್ಶಕವಾದ ಪೊರೆಯೊಂದೇ ರಕ್ಷಣೆ. ಇಂತಹ ಪ್ರಾಣಿಯನ್ನು ಕಟುವಾದ ಘಾಟಿರುವ ಅಥವಾ ಧೂಳೇಳುವ ಹಾಸಿನ ಮೇಲೆ ಮುಚ್ಚಿದ ಪೆಟ್ಟಿಗೆಯಲ್ಲಿ ಇಟ್ಟರೆ ಅದು ಎಲ್ಲಿಗೆ ಓಡೀತು?

ಇಲ್ಲಿಯೇ ನಮ್ಮ ಇಂದ್ರಿಯಗಳು ನಮಗೆ ಮೋಸ ಮಾಡುವುದು. ಅಮೆರಿಕದ ಅಂಗಡಿಗಳಲ್ಲಿ ಸಾಕುಪ್ರಾಣಿಗಳಿಗೆಂದು ಮರದ ಹೆರಕಲುಗಳನ್ನು, ಅಂದರೆ ಬಡಗಿಯು ಮರ ಹೆರೆಯುವಾಗ ಸುರುಳಿಸುರುಳಿಯಾಗಿ ಬೀಳುವ ತೆಳುಚೂರುಗಳನ್ನು, ಚೀಲಗಳಲ್ಲಿ ತುಂಬಿ ಮಾರುತ್ತಾರೆ. ಅವುಗಳಲ್ಲೊಂದು ‘ಸೀಡರ್’ ಮರದ್ದು. ಹೆಸರು ಸೀಡರ್ ಎಂದಿದ್ದರೂ ಆ ದೇಶದ ಪೂರ್ವಭಾಗದ ಕೆಂಪು ಸೀಡರ್ ನಮ್ಮ ಹಿಮಾಲಯದ ದೇವದಾರುವಿನ ಒಡಹುಟ್ಟಲ್ಲ. ಅದು ಜೂನಿಪರ್ ಜಾತಿಯ ಮರ. ಹಿಂದೆ ಪೆನ್ಸಿಲುಗಳನ್ನು ಈ ಮರದಿಂದಲೇ ಮಾಡುತ್ತಿದ್ದರು. ಪೆನ್ಸಿಲು ಹೆರೆಯುವಾಗ ಬರುವ ಹಿತವಾದ ಕಂಪನ್ನು ನೆನಪಿಸಿಕೊಂಡರೆ ಇದರ ಪರಿಮಳ ಎಂತಹುದೆಂದು ತಿಳಿಯುತ್ತದೆ. ಉಣ್ಣೆಬಟ್ಟೆಗಳಿಗೆ ಹುಳು ಹತ್ತದಿರಲೆಂದು ಅಲ್ಲಿಯವರು ಈ ಮರದ ಪೆಟ್ಟಿಗೆಗಳಲ್ಲಿ ಬಟ್ಟೆಯನ್ನಿಡುವುದುಂಟು. ನಮ್ಮ ಮನೆಗಳಲ್ಲಿ ಟ್ರಂಕಿನೊಳಗೆ ನುಸಿಗುಳಿಗೆಯನ್ನೋ ಒಣಗಿದ ಬೇವಿನೆಲೆಯನ್ನೋ ಹಾಕುತ್ತೇವಲ್ಲ, ಹಾಗೆ. ಹುಳುವನ್ನು ಓಡಿಸುವ ಗುಣವಿರುವ ವಸ್ತುವಿನ ಮೇಲೆ ಒಂದು ಜೀವವನ್ನು ಹಗಲಿರುಳು ಮಲಗಿಸುವುದು ಎಷ್ಟು ಸರಿ ಎಂಬ ಪ್ರಶ್ನೆ ಆ ಪರಿಮಳದಲ್ಲಿ ನಮಗೆ ಮರೆತುಹೋಗುತ್ತದೆ.

ನನ್ನ ಸೋದರಳಿಯನ ಹಾವಿಗೆ ಮೊದಲು ಹಾಸಿದ್ದು ಇದೇ ಸೀಡರ್. ಪೆಟ್ಟಿಗೆಯನ್ನು ಮಾರಿದ ಅಂಗಡಿಯಾತನು “ದುರ್ಗಂಧ ಬರುವುದಿಲ್ಲ” ಎಂದು ಹೇಳಿ ಅದನ್ನೂ ಜೊತೆಗೆ ಕೊಟ್ಟಿದ್ದನಂತೆ. ಕೆಲವು ವಾರಗಳ ತರುವಾಯ ಹುಡುಗ ದೂರವಾಣಿಯಲ್ಲಿ, “ಮಾವ, ಕೇಸರಿ ಬಾಯಿ ತೆರೆದುಕೊಂಡೇ ಉಸಿರಾಡ್ತಿದೆ. ಒಳಗೆ ಏನೋ ಟಿಕ್ ಟಿಕ್ ಅಂತ ಶಬ್ದ. ಸತ್ತುಹೋಗತ್ತಾ?” ಎಂದು ಕೇಳಿದನು. ಆ ಪ್ರಶ್ನೆಗೆ ಸಾವಿರಾರು ಮೈಲಿಗಳ ಆಚೆಯಿಂದ ನಾನೇನು ಹೇಳಲಿ? ಕೂಡಲೇ ವೈದ್ಯರಿಗೆ ತೋರಿಸುವಂತೆ ಅಕ್ಕನಿಗೆ ಹೇಳಿದೆ. ಸರೀಸೃಪಗಳನ್ನು ಬಲ್ಲ ಪಶುವೈದ್ಯೆಯೊಬ್ಬರು ಪರೀಕ್ಷಿಸಿ, ಶ್ವಾಸನಾಳದ ಸೋಂಕೆಂದು ಔಷಧ ಕೊಟ್ಟರು. ಸೋಂಕಿಗೆ ಸೀಡರೊಂದೇ ಕಾರಣವೆಂದು ಅವರು ಹೇಳಲಿಲ್ಲ. ಆದರೆ ಔಷಧದ ಚೀಟಿ ಬರೆಯುವ ಮೊದಲೇ, “ಇಂದೇ ಆ ಹಾಸನ್ನು ತೆಗೆದುಹಾಕಿ” ಎಂದರಂತೆ.

ಈ ಎಚ್ಚರಿಕೆಗೆ ಆಧಾರವಿದೆ. ೧೯೬೭ರಲ್ಲಿ ಎಲಿಯಟ್ ವೆಸೆಲ್ ಎಂಬ ಅಮೆರಿಕದ ವಿಜ್ಞಾನಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಕುತೂಹಲಕರವಾದ ಸಂಗತಿಯನ್ನು ಪ್ರಕಟಿಸಿದನು. ಪ್ರಯೋಗಶಾಲೆಯ ಇಲಿಗಳನ್ನು ಕೆಂಪು ಸೀಡರ್ ಮೊದಲಾದ ಮೃದುಮರಗಳ ಹೆರಕಲಿನ ಮೇಲೆ ಇಟ್ಟಾಗ, ಔಷಧಗಳನ್ನು ವಿಭಜಿಸುವ ಅವುಗಳ ಯಕೃತ್ತಿನ ಕಿಣ್ವಗಳು ಹೆಚ್ಚಿದವು. ನಿದ್ರೆಯ ಔಷಧವನ್ನು ಕೊಟ್ಟರೆ ಅವು ನಿದ್ರಿಸುವ ಅವಧಿ ಕಡಮೆಯಾಯಿತು. ಬೇರಾವ ಔಷಧವನ್ನೂ ಕೊಡದೆ, ಕೇವಲ ಹಾಸಿಗೆಯ ಗಾಳಿಯೇ ಪ್ರಾಣಿಯ ಯಕೃತ್ತಿನವರೆಗೆ ಕೈಚಾಚಿತ್ತು. ಮನುಷ್ಯನೂ ಇದಕ್ಕೆ ಹೊರತಲ್ಲ. ಪಶ್ಚಿಮ ಭಾಗದ ಕೆಂಪು ಸೀಡರ್ ಬೇರೊಂದು ಜಾತಿಯ ಮರ. ಅದರ ಧೂಳಿನಲ್ಲಿರುವ ಪ್ಲಿಕ್ಯಾಟಿಕ್ ಆಮ್ಲದಿಂದ ಮರಕೊಯ್ಯುವ ಕಾರ್ಖಾನೆಯ ಕೆಲಸಗಾರರಿಗೆ ಉಬ್ಬಸ ಬರುವುದುಂಟು. ಸಂಜೆ ಮನೆಗೆ ಹೋಗಬಲ್ಲ ಕೆಲಸಗಾರನ ಪಾಡೇ ಹೀಗಿರುವಾಗ, ಪೆಟ್ಟಿಗೆಯಿಂದ ಹೊರಹೋಗಲಾರದ ಹಾವಿನ ವಿಷಯದಲ್ಲಿ ಅಪಾಯವನ್ನು ಕೈಯಾರೆ ಆರಿಸಿಕೊಳ್ಳುವುದು ವಿವೇಕವಲ್ಲ.

ಇಲ್ಲಿ ಬುದ್ಧಿವಂತ ಓದುಗನೊಬ್ಬನು ಆಕ್ಷೇಪವನ್ನೆತ್ತಬಹುದು: “ಈ ಹಾವು ಪೈನ್ ಕಾಡಿನಲ್ಲಿಯೇ ಇರುತ್ತದೆಂದು ನೀವೇ ಹೇಳಿದಿರಿ. ಹಾಗಾದರೆ ಪೈನ್ ಹೆರಕಲು ಆಗಬಹುದಲ್ಲವೆ?” ನ್ಯಾಯವಾದ ಪ್ರಶ್ನೆ. ಕಾಡಿನಲ್ಲಿ ಪೈನ್ ಎಲೆಗಳು ಮಳೆ ಬಿಸಿಲುಗಳಿಗೆ ಮೈಯೊಡ್ಡಿ ಹಳತಾಗಿರುತ್ತವೆ. ಮೇಲೆ ಗಾಳಿ ಬೀಸುತ್ತಿರುತ್ತದೆ. ಹಾವು ತನಗೊಗ್ಗದ ಸ್ಥಳವನ್ನು ಬಿಟ್ಟು ಹರಿದುಹೋಗಬಲ್ಲದು. ಪೆಟ್ಟಿಗೆಯಲ್ಲಿರುವುದು ಹೊಸದಾಗಿ ಹೆರೆದ ಮರ, ನಿಂತ ಗಾಳಿ, ಮುಚ್ಚಿದ ಬಾಗಿಲು. ಕುಲುಮೆಯಲ್ಲಿ ಒಣಗಿಸಿದ ಪೈನಿನಲ್ಲಿ ಆವಿಯಾಗುವ ತೈಲಗಳು ಬಹಳಷ್ಟು ಹೋಗಿರುತ್ತವೆಂಬುದು ನಿಜ. ಆದರೂ ಅದಕ್ಕಿಂತ ನಿರಪಾಯವಾದ ವಸ್ತು ದೊರೆಯುವಾಗ ಅದರ ಹಂಗೇಕೆ?

ವಾಸನೆಯ ನಂತರ ಹೊಟ್ಟೆಯ ಮಾತು. ಹಾವು ಆಹಾರವನ್ನು ಅಗಿಯುವುದಿಲ್ಲ, ಹಾಗೆಯೇ ನುಂಗುತ್ತದೆ. ಒದ್ದೆಯಾದ ಇಲಿಗೆ ಹಾಸಿನ ಕಣಗಳು ಅಂಟಿಕೊಂಡರೆ ಅವೂ ಒಳಗೆ ಹೋಗುತ್ತವೆ. ಒಂದೆರಡು ಚೂರುಗಳು ಮಲದೊಡನೆ ಹೊರಬರುತ್ತವೆ. ಆದರೆ ಕೆಲವು ವಸ್ತುಗಳು ಕರುಳಿನಲ್ಲಿ ಗಟ್ಟಿಯಾಗಿ ಕಟ್ಟಿಕೊಂಡು ಪ್ರಾಣಕ್ಕೇ ಸಂಚಕಾರ ತರುತ್ತವೆ. ಪುಡಿಮಾಡಿದ ಅಕ್ರೋಟಿನ ಚಿಪ್ಪು ಚೂಪಾದದ್ದು, ಅದು ಬೇಡ. ಮರಳೂ ಅಷ್ಟೆ: ನುಂಗಿದರೆ ಕರುಳಿನಲ್ಲಿ ನಿಲ್ಲುತ್ತದೆ, ಹುರುಪೆಗಳ ಸಂದುಗಳಲ್ಲಿ ಸೇರಿ ಉಜ್ಜುತ್ತದೆ, ಬಿಲವನ್ನೂ ನಿಲ್ಲಗೊಡುವುದಿಲ್ಲ. ಇನ್ನು ಮುಸುಕಿನ ಜೋಳದ ದಿಂಡಿನ ಪುಡಿ! ಜೋಳದ ಹಾವಿಗೆ ಜೋಳದ ದಿಂಡಿಗಿಂತ ಉಚಿತವಾದ ಹಾಸಿಗೆ ಯಾವುದೆಂದು ಹೊಸಬನು ಭಾವಿಸುವುದು ಸಹಜ. ಆದರೆ ಆ ಪುಡಿ ನೀರು ಕುಡಿದರೆ ಉಬ್ಬುತ್ತದೆ; ಒದ್ದೆಯಾದರೆ ಬೂಸಲು ಹಿಡಿಯುತ್ತದೆ; ಒಣಗಿದ್ದರೆ ಪೆಟ್ಟಿಗೆಯ ತೇವವನ್ನೆಲ್ಲ ಹೀರಿಬಿಡುತ್ತದೆ. ಹೆಸರನ್ನು ನಂಬಿ ಹಾಸಿಗೆ ಹಾಸಬಾರದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಹಾಗಾದರೆ ಯಾವುದು ಒಳ್ಳೆಯದು? ಮೂರನ್ನು ಹೆಸರಿಸಬಹುದು.

ಮೊದಲನೆಯದು ಆಸ್ಪೆನ್ ಮರದ ಹೆರಕಲು. ಇದು ಗಟ್ಟಿಮರಗಳ ವರ್ಗಕ್ಕೆ ಸೇರಿದ್ದು. ಸೀಡರಿನಂತಹ ಕಟುತೈಲಗಳು ಇದರಲ್ಲಿಲ್ಲ. ಮೂಗಿಗೆ ಹಿಡಿದರೆ ವಿಶೇಷ ವಾಸನೆ ಏನೂ ಬಾರದು. ಅದೇ ಇದರ ಗುಣ. ಎರಡು ಮೂರು ಅಂಗುಲ ದಪ್ಪವಾಗಿ ಹಾಸಿದರೆ ಹಾವು ಅದರೊಳಗೆ ಸುರಂಗಗಳನ್ನು ಕೊರೆದುಕೊಳ್ಳುತ್ತದೆ. ಸುರಂಗ ಕುಸಿಯದೆ ನಿಲ್ಲುತ್ತದೆ. ಮಲ ಬಿದ್ದಷ್ಟು ಭಾಗವನ್ನು ಹಿಡಿಯಾಗಿ ತೆಗೆದುಹಾಕಬಹುದು. ಇದರ ದೋಷವೊಂದೇ: ನೀರು ಚೆಲ್ಲಿ ಒದ್ದೆಯಾದರೆ ಬೇಗ ಬೂಸಲು ಬರುತ್ತದೆ. ಕೊಳ್ಳುವಾಗ ಧೂಳು ಕಡಮೆಯಿರುವುದನ್ನೇ ಆರಿಸಬೇಕು.

ಎರಡನೆಯದು ನಮ್ಮವರಿಗೆ ಹೆಮ್ಮೆ ತರುವಂತಹುದು: ತೆಂಗಿನ ನಾರಿನ ಪುಡಿ. ತೆಂಗಿನಕಾಯಿಯ ಸಿಪ್ಪೆಯಿಂದ ಹಗ್ಗಕ್ಕೆಂದು ನಾರನ್ನು ಬಿಡಿಸಿದ ಮೇಲೆ ಉಳಿಯುವ ಈ ಕಂದುಪುಡಿಯನ್ನು ಇಟ್ಟಿಗೆಯಾಕಾರದಲ್ಲಿ ಒತ್ತಿ ಭಾರತ, ಸಿಂಹಳಗಳಿಂದ ಹೊರದೇಶಗಳಿಗೆ ಕಳುಹಿಸುತ್ತಾರೆ. ನೀರು ಹಾಕಿದೊಡನೆ ಇಟ್ಟಿಗೆ ಅರಳಿ ಮಣ್ಣಿನಂತಾಗುತ್ತದೆ. ತನ್ನ ತೂಕದ ಹಲವು ಪಟ್ಟು ನೀರನ್ನು ಹಿಡಿದಿಟ್ಟುಕೊಂಡು ಮೆಲ್ಲಮೆಲ್ಲನೆ ಬಿಡುವುದರಿಂದ, ಚಳಿಗಾಲದಲ್ಲಿ ಮನೆಗಳನ್ನು ಕಾಯಿಸಿ ಗಾಳಿಯನ್ನು ಒಣಗಿಸುವ ಆ ದೇಶಕ್ಕೆ ಇದು ಅನುಕೂಲ. ಅಕ್ಕ ಮೊದಲ ಇಟ್ಟಿಗೆಯನ್ನು ಬಕೆಟ್ಟಿನಲ್ಲಿ ನೆನೆಹಾಕಿದ ದಿನ, “ನಮ್ಮೂರ ತೋಟದಲ್ಲಿ ಮಳೆ ಬಿದ್ದ ಹಾಗಾಯಿತು ಕಣೋ” ಎಂದಳು. ಆದರೆ ತೀರ ಒಣಗಿದರೆ ಇದೂ ಧೂಳಾಗುತ್ತದೆ, ತೀರ ನೆನೆದರೆ ಕೆಸರಾಗುತ್ತದೆ.

ಮೂರನೆಯದು ಬಡವರ ಬಂಧು, ಕಾಗದ. ಹಳೆಯ ವೃತ್ತಪತ್ರಿಕೆಯಾಗಲಿ ಅಚ್ಚಿಲ್ಲದ ಒರಸುಕಾಗದವಾಗಲಿ ಹಾವಿಗೆ ಅಪಾಯ ಮಾಡದು, ದುಡ್ಡೂ ಖರ್ಚಿಲ್ಲ. ಅಡಗಲು ಎಡೆಯಿಲ್ಲದಿರುವುದೇ ಇದರ ಕೊರತೆ. ಮೇಲೊಂದು ಗೂಡನ್ನಿಟ್ಟು ಅದನ್ನು ತುಂಬಬೇಕು. ಹೊಸದಾಗಿ ತಂದ ಹಾವಿಗೂ ಕಾಯಿಲೆಯ ಹಾವಿಗೂ ಬಿಳಿಯ ಕಾಗದದಂತಹ ಹಾಸು ಇನ್ನೊಂದಿಲ್ಲ. ಮಲದ ಬಣ್ಣ, ರಕ್ತದ ಹನಿ, ಸಾಸಿವೆಗಿಂತ ಸಣ್ಣದಾದ ಕರಿಯ ಉಣ್ಣೆಹುಳು ಎಲ್ಲವೂ ಅದರ ಮೇಲೆ ಕೂಡಲೇ ಕಾಣುತ್ತವೆ. ಕೇಸರಿ ಕಾಯಿಲೆಯ ದಿನಗಳನ್ನೆಲ್ಲ ಕಳೆದದ್ದು ಕಾಗದದ ಮೇಲೆಯೇ.

ಹಾಸು ಒಳ್ಳೆಯದಾದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ತೇವವನ್ನೂ ಶಾಖವನ್ನೂ ಹದದಲ್ಲಿಡಬೇಕು. ಪೆಟ್ಟಿಗೆಯ ಗಾಳಿಯ ತೇವಾಂಶ ಶೇಕಡ ೪೦ರಿಂದ ೬೦ರಷ್ಟಿದ್ದರೆ ಈ ಹಾವಿಗೆ ಹಿತ. ತೇವ ಕಡಮೆಯಾದರೆ ಪೊರೆ ಒಂದೇ ಚೀಲವಾಗಿ ಕಳಚದೆ ತುಂಡುತುಂಡಾಗುತ್ತದೆ. ಕಣ್ಣಿನ ಮೇಲೂ ಬಾಲದ ತುದಿಯಲ್ಲೂ ಹಳೆಯ ಪೊರೆ ಉಳಿದು ತೊಂದರೆ ಕೊಡುತ್ತದೆ. ಹಾಸು ಸದಾ ಒದ್ದೆಯಾಗಿದ್ದರೆ ಹೊಟ್ಟೆಯ ಹುರುಪೆಗಳು ಕೊಳೆಯತೊಡಗುತ್ತವೆ. ಈ ಇಕ್ಕಟ್ಟಿಗೆ ಅನುಭವಿಗಳು ಸುಲಭವಾದ ಉಪಾಯ ಕಂಡುಕೊಂಡಿದ್ದಾರೆ: ಪೆಟ್ಟಿಗೆಯೆಲ್ಲ ಒಣಗಿದ ಹಾಸಿರಲಿ, ಒಂದು ಮೂಲೆಯಲ್ಲಿ ತೂತುಳ್ಳ ಮುಚ್ಚಿದ ಡಬ್ಬಿಯಲ್ಲಿ ಮಾತ್ರ ತೇವದ ವಸ್ತುವಿರಲಿ. ಪೊರೆ ಬಿಡುವ ಕಾಲ ಬಂದಾಗ ಹಾವು ತಾನಾಗಿಯೇ ಅದರೊಳಗೆ ಹೋಗುತ್ತದೆ. ಶಾಖವೂ ಹೀಗೆಯೇ: ಒಂದು ಬದಿ ಸುಮಾರು ೩೦ ಡಿಗ್ರಿ ಸೆಲ್ಷಿಯಸ್ಸು, ಇನ್ನೊಂದು ಬದಿ ಸುಮಾರು ೨೪ ಇದ್ದರೆ, ತನಗೆ ಬೇಕಾದ ಕಡೆಗೆ ಅದು ಸರಿದುಕೊಳ್ಳುತ್ತದೆ. ಪೆಟ್ಟಿಗೆಯ ಅಡಿಯಲ್ಲಿ ಕಾಯಿಸುವ ವಿದ್ಯುತ್ ಹಾಳೆಯನ್ನಿಟ್ಟಿದ್ದರೆ ಮಾತ್ರ ಎಚ್ಚರ ಬೇಕು. ಹಾಸಿನ ಮೇಲ್ಭಾಗ ತಣ್ಣಗಿದ್ದರೂ ಅಡಿಯ ಗಾಜು ಸುಡುತ್ತಿರಬಹುದು. ಒಳಗೆ ಕೊರೆದುಕೊಂಡು ಇಳಿದ ಹಾವಿನ ಹೊಟ್ಟೆ ಸುಟ್ಟೀತು. ಆದ್ದರಿಂದ ಶಾಖವನ್ನು ನಿಯಂತ್ರಿಸುವ ಉಪಕರಣ ಅವಶ್ಯ. ಅಳೆಯಬೇಕಾದದ್ದು ಹಾಸಿನ ಮೇಲಲ್ಲ, ಅಡಿಯಲ್ಲಿ.

ಕೊನೆಯದಾಗಿ ಶುಚಿತ್ವ. ಹಾವು ಮೂತ್ರವನ್ನು ನಮ್ಮಂತೆ ನೀರಾಗಿ ವಿಸರ್ಜಿಸದೆ, ಯೂರಿಕ್ ಆಮ್ಲದ ಬಿಳಿಯ ಮುದ್ದೆಯಾಗಿ ಹೊರಹಾಕುತ್ತದೆ. ಇದನ್ನೂ ಮಲವನ್ನೂ ಕಂಡೊಡನೆ ತೆಗೆಯಬೇಕು. ತಿಂಗಳಿಗೊಮ್ಮೆಯಾದರೂ ಹಾಸನ್ನೆಲ್ಲ ಬದಲಿಸಿ, ಪೆಟ್ಟಿಗೆಯನ್ನು ಬಿಸಿನೀರು ಸಾಬೂನುಗಳಿಂದ ತೊಳೆದು, ಚೆನ್ನಾಗಿ ಜಾಲಿಸಿ ಒಣಗಿಸಬೇಕು. ಫಿನಾಯಿಲಿನಂತಹ ಘಾಟುದ್ರವಗಳು ಹಾವಿಗೆ ವಿಷ. ಸೀಡರನ್ನು ಬಾಗಿಲಿನಿಂದ ಓಡಿಸಿ ಫಿನಾಯಿಲನ್ನು ಕಿಟಕಿಯಿಂದ ಕರೆತಂದರೆ ಏನು ಪ್ರಯೋಜನ? ಸಾಕುವವರ ಕ್ಷೇಮವನ್ನೂ ಮರೆಯಲಾಗದು. ಆರೋಗ್ಯವಾಗಿ ಕಾಣುವ ಹಾವಿನ ಮಲದಲ್ಲಿಯೂ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಹಾಸನ್ನು ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯಬೇಕು. ಅಡಿಗೆಮನೆಯ ತೊಟ್ಟಿಯಲ್ಲಿ ಪೆಟ್ಟಿಗೆಯನ್ನು ತೊಳೆಯಕೂಡದು. ಐದು ವರ್ಷದೊಳಗಿನ ಮಕ್ಕಳನ್ನು ದೂರವಿಡಬೇಕು.

ಕೇಸರಿ ಚೇತರಿಸಿಕೊಂಡಿತು. ಈಗ ಅದರ ಪೆಟ್ಟಿಗೆಯಲ್ಲಿ ಆಸ್ಪೆನ್ ಹಾಸಿದೆ. ಮೂಲೆಯ ತೇವದ ಡಬ್ಬಿಯಲ್ಲಿ ತೆಂಗಿನ ನಾರಿನ ಪುಡಿಯಿದೆ. ಆದರೆ ಎಲ್ಲ ಹಾವುಗಳ ಪಾಲಿಗೂ ಹೇಳಿ ಕಳುಹಿಸುವ ಹುಡುಗನೊಬ್ಬನಿರುವುದಿಲ್ಲ. ನಾಯಿ ನೋವಾದರೆ ಕುಂಯ್ಗುಡುತ್ತದೆ, ಹಸು ಕೂಗುತ್ತದೆ. ಹಾವಿಗೆ ದೂರು ಹೇಳುವ ದನಿಯಿಲ್ಲ. ಅದು ಬಾಯಿ ತೆರೆದು ಉಸಿರಾಡುವ ಹೊತ್ತಿಗೆ ಕಾಯಿಲೆ ಬಲಿತಿರುತ್ತದೆ. ಆದಕಾರಣ ಅದು ಹೇಳಲಾರದ್ದನ್ನು ಸಾಕುವವನೇ ಮುಂದಾಗಿ ಯೋಚಿಸಬೇಕಾಗುತ್ತದೆ. ನಮ್ಮ ಮೂಗಿಗೆ ಕಂಪಾದದ್ದು, ನಮ್ಮ ಕಣ್ಣಿಗೆ ಅಂದವಾದದ್ದು, ಹೆಸರಿಗೆ ಹೊಂದುವಂತಹುದು ಅದಕ್ಕೆ ಹಿತವೆಂದು ತಿಳಿಯುವುದು ಸಲ್ಲದು. ನೆಲದಿಂದ ಒಂದು ಅಂಗುಲ ಎತ್ತರದಲ್ಲಿ ಮೂಗಿಟ್ಟುಕೊಂಡು, ಒಂದೇ ಶ್ವಾಸಕೋಶದಿಂದ ಉಸಿರಾಡುತ್ತ, ಹೊರಹೋಗುವ ದಾರಿಯಿಲ್ಲದೆ ಇರುವ ಜೀವಕ್ಕೆ ಏನು ಬೇಕೆಂದು ಕೇಳಿಕೊಂಡು ಹಾಸಿದರೆ ಹಾಸಿಗೆ ಸರಿಯಾಗುತ್ತದೆ. ಹಾಸಿಗೆಯ ಒಳ್ಳೆಯತನವನ್ನು ನಿರ್ಣಯಿಸುವ ಅಧಿಕಾರ ಹಾಸುವವನದಲ್ಲ, ಅದರ ಮೇಲೆ ಮಲಗುವ ಜೀವದ್ದು.